ಸೀಸಕ್ಕೂ ಕಂಪ್ಯೂಟರಿಗೂ ನಡುವೆ ಒಂದು ಕಂಪನಿ ಇತ್ತು

ಈ ಸಲ ದೀಪಾವಳಿಗೆ ಗೋಕಾಕಕ್ಕೆ ಹೋಗಿದ್ದೆ. ಫರಾಳ ತಿಂದು ಕೂತಿದ್ದಾಗ ಕಾಕಾ ಒಳಗಿನಿಂದ ಒಂದು ಹಳೇ ಬಿಸ್ಕೀಟ್ ಡಬ್ಬಿ ತಂದು ನನ್ನ ಮುಂದಿಟ್ಟರು.

"ಇದರಾಗ ನಿಮ್ಮ ಅಜ್ಜನ ಪುಸ್ತಕ ಐತಿ ನೋಡು. ನೀ ಕಂಪ್ಯೂಟರ್ ಕಲ್ತಾಂವ ಅದಿ, ಹೊರಗ ತಗದು ಕೊಡು."

ಡಬ್ಬಿಯಲ್ಲಿ ಇದ್ದದ್ದು ಎರಡು ಫ್ಲಾಪಿ! ಫ್ಲಾಪಿ ಅಂದರೆ ಸೇವ್ ಬಟನ್ನಿನ ಮೇಲಿರುವ ಚಿತ್ರ ಅಂತಷ್ಟೇ ತಿಳಿದ ಪೀಳಿಗೆ ನನ್ನದು :-) ನಗು ಬಂತು. ಆದರೆ ಕಾಕಾ ನಗಲಿಲ್ಲ.

ಅಜ್ಜ ಮೂಡಲಗಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಅಜ್ಜಿಗೆ ಬೀಸುವ ಪದಗಳು ನೂರಾರು ಬರುತ್ತಿದ್ದವು. ಅಜ್ಜಿ ಹಾಡುವುದು, ಅಜ್ಜ ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದುಕೊಳ್ಳುವುದು, ಹೀಗೆ ವರ್ಷಗಟ್ಟಲೆ ನಡೆದಿತ್ತಂತೆ. ಮೊದಲ ಭಾಗ 1983ರಲ್ಲಿ ಗೋಕಾಕದಲ್ಲಿ ಕಾಕಾನ ಪ್ರೆಸ್ಸಿನಲ್ಲೇ ಅಚ್ಚಾಯಿತು. ಎರಡನೇ ಭಾಗವನ್ನು 1998ರಲ್ಲಿ ಹುಕ್ಕೇರಿಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದರು. ಪ್ರೂಫ್ ನೋಡುತ್ತಿದ್ದಾಗಲೇ ಅಜ್ಜ ತೀರಿಕೊಂಡರು. ಪುಸ್ತಕ ಅಲ್ಲಿಗೇ ನಿಂತಿತು. ಎರಡು ವರ್ಷಕ್ಕೆ ಅಜ್ಜಿಯೂ ಹೋದರು.

ಕೈಬರಹದ ಪ್ರತಿ ಇತ್ತಲ್ಲ ಅನ್ನುತ್ತೀರಾ? ಇತ್ತು, ಕಾಕಾನ ಮನೆಯ ಕೆಳಗಿನ ಕೋಣೆಯ ಟ್ರಂಕಿನಲ್ಲಿ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ನೀರು ಇಳಿದ ಮೇಲೆ ಟ್ರಂಕಿನಲ್ಲಿ ಉಳಿದದ್ದು ಕೆಸರಿನ ಮುದ್ದೆ. ಪ್ರೆಸ್ಸಿನ ಮೊಳೆಗಳ ಖಾನೆಗಳೂ ಅದೇ ಕೆಸರಿನಲ್ಲಿ ಹೂತಿದ್ದವು. ಸೀಸದ ಮೊಳೆ ತೊಳೆದರೆ ಮತ್ತೆ ಮೊಳೆಯೇ. ಕಾಗದ ಹಾಗಲ್ಲವಲ್ಲ. ಫ್ಲಾಪಿಗಳು ಉಳಿದದ್ದು ಅವು ಹುಕ್ಕೇರಿಯಲ್ಲಿದ್ದವು ಅನ್ನುವ ಒಂದೇ ಕಾರಣಕ್ಕೆ.

ಬೆಂಗಳೂರಿಗೆ ಬಂದು ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿದೆ. ಒಂದು ಫ್ಲಾಪಿ ಕರಕರ ಸದ್ದು ಮಾಡಿ ಸುಮ್ಮನಾಯಿತು. ಇನ್ನೊಂದು ತೆರೆಯಿತು! ಖುಷಿಯಿಂದ ಫೈಲ್ ಕ್ಲಿಕ್ಕಿಸಿದರೆ ಕನ್ನಡದ ಒಂದಕ್ಷರವೂ ಇಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಅದನ್ನು ಟೈಪು ಮಾಡಿದ್ದ ತಂತ್ರಾಂಶ ಈಗ ಸಿಗುವುದಿಲ್ಲ, ಅದರ ಫಾಂಟೂ ಇಲ್ಲ.

ಮುಂದಿನ ಶನಿವಾರ ಹುಕ್ಕೇರಿಗೆ ಹೋದೆ. ಆ ಡಿಟಿಪಿ ಅಂಗಡಿ ನಡೆಸುತ್ತಿದ್ದವರು ಮೊದಲು ಕಾಕಾನ ಪ್ರೆಸ್ಸಿನಲ್ಲೇ ಮೊಳೆ ಜೋಡಿಸುತ್ತಿದ್ದವರು. ನಮಗೆಲ್ಲ ಅವರು ಹುಕ್ಕೇರಿ ಮಾಮಾ. ಎಂಬತ್ತರ ದಶಕದಲ್ಲಿ ಪುಣೆಗೆ ಹೋಗಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ಕಂಪ್ಯೂಟರ್ ಹಾಕಿದ್ದರು. ನನ್ನ ಗೋಳು ಕೇಳಿ ಮಾಮಾ ಮೇಜಿನ ಖಾನೆಯಿಂದ ಒಂದು ಫಿಲ್ಮ್ ಪಟ್ಟಿ ತೆಗೆದು ಕೈಗಿತ್ತರು. ಕಿಟಕಿಯ ಬೆಳಕಿಗೆ ಹಿಡಿದರೆ ಕಪ್ಪು ಹಿನ್ನೆಲೆಯಲ್ಲಿ ಪುಟ್ಟ ಪುಟ್ಟ ಪಾರದರ್ಶಕ ಇಂಗ್ಲಿಷ್ ಅಕ್ಷರಗಳು, ಸಾಲಾಗಿ.

"ಇದು ಕಾಂಪುಗ್ರಾಫಿಕ್ಕಿನ ಪಟ್ಟಿ. ಪುಣೇದಾಗ ನಾ ಇದರ ಮ್ಯಾಲ ಕೆಲಸಾ ಮಾಡೀನಿ. ಮಷೀನ್ ಹೋತು, ಅದರ ಕೂಡ ಎಲ್ಲಾ ಹೋತು. ಈ ಪಟ್ಟಿ ಬ್ಯಾರೆ ಯಾ ಮಷೀನಿಗೂ ಕೂಡೂದಿಲ್ಲ. ನಿಮ್ಮಜ್ಜನ ಫ್ಲಾಪಿದೂ ಅದs ಕತಿ."

ಕಾಂಪುಗ್ರಾಫಿಕ್? ನಾನು ಆ ಹೆಸರನ್ನೇ ಕೇಳಿರಲಿಲ್ಲ. ಸೀಸದ ಮೊಳೆ ಗೊತ್ತಿತ್ತು, ಡಿಟಿಪಿ ಗೊತ್ತಿತ್ತು. ನಡುವೆ ಏನೋ ಒಂದಿತ್ತು ಅನ್ನುವುದೇ ಗೊತ್ತಿರಲಿಲ್ಲ. ಆಮೇಲೆ ರಾತ್ರಿಗಳೆಲ್ಲ ಅದನ್ನೇ ಓದಿದೆ. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

*

ಮೊದಲು ಸೀಸದ ಕಾಲ. ಕಾಕಾನ ಪ್ರೆಸ್ಸಿನಲ್ಲಿ ಮೊಳೆಗಳನ್ನು ಒಂದೊಂದೇ ಆಯ್ದು ಸ್ಟಿಕ್ಕಿನಲ್ಲಿ ಉಲ್ಟಾ ಜೋಡಿಸಿ, ಗ್ಯಾಲಿಗೆ ಇಳಿಸಿ, ದಾರ ಕಟ್ಟಿ, ಟ್ರೆಡಲ್ ಯಂತ್ರಕ್ಕೆ ಕೂಡಿಸುತ್ತಿದ್ದರು. ತಮಾಷೆ ಏನೆಂದರೆ, ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲೇ ನೀರಿನಿಂದ ವಿದ್ಯುತ್ ತೆಗೆದಿದ್ದರು. ಅದಾಗಿ ನೂರು ವರ್ಷದ ಮೇಲೂ ಅದೇ ಊರಿನಲ್ಲಿ ಕಾಕಾ ಮಾತ್ರ ಕಾಲಿನಿಂದಲೇ ಟ್ರೆಡಲ್ ತುಳಿಯುತ್ತಿದ್ದರು!

ದೊಡ್ಡ ಊರುಗಳ ದೊಡ್ಡ ಪತ್ರಿಕೆಗಳಲ್ಲಿ ಲೈನೋಟೈಪ್ ಯಂತ್ರಗಳಿದ್ದವು. ಕೀಲಿ ಒತ್ತಿದರೆ ಯಂತ್ರವೇ ಕಾದ ಸೀಸದಲ್ಲಿ ಇಡೀ ಸಾಲನ್ನು ಎರಕ ಹೊಯ್ದು ಕೊಡುವ ವ್ಯವಸ್ಥೆ. 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಶುರುವಾದದ್ದು.

ಆಮೇಲೆ ಆಫ್‌ಸೆಟ್ ಬಂತು. ಆಫ್‌ಸೆಟ್‌ನಲ್ಲಿ ಸೀಸ ನೇರವಾಗಿ ಕಾಗದಕ್ಕೆ ತಾಗುವುದಿಲ್ಲ. ಪುಟದ ಫಿಲ್ಮ್ ತೆಗೆದು, ಅದರಿಂದ ಪ್ಲೇಟು ಮಾಡಿ ಮುದ್ರಿಸುತ್ತಾರೆ. 1940ರ ದಶಕದ ಆರಂಭದಲ್ಲಿ ಫ್ರಾನ್ಸಿನ ಇಬ್ಬರು ಎಂಜಿನಿಯರುಗಳು ಇಂಥ ಒಂದು ಪ್ರೆಸ್ ನೋಡಲು ಹೋದರು. ಒಬ್ಬರು ರೆನೆ ಹಿಗೊನೆ, ಇನ್ನೊಬ್ಬರು ಲೂಯಿ ಮೊಯ್‌ರೂ. ಇಬ್ಬರೂ ಟೆಲಿಫೋನ್ ಉಪಕರಣದ ಕಂಪನಿಯವರು, ಮುದ್ರಣಕ್ಕೂ ಅವರಿಗೂ ಸಂಬಂಧವಿಲ್ಲ. ಅಲ್ಲಿ ಅವರು ಕಂಡದ್ದೇನು? ಸೀಸದಲ್ಲಿ ಇಡೀ ಪುಟ ಜೋಡಿಸುತ್ತಾರೆ, ಅದರಿಂದ ಒಂದೇ ಒಂದು ಚಂದದ ಪ್ರತಿ ತೆಗೆಯುತ್ತಾರೆ, ಅದರ ಫೋಟೋ ಹೊಡೆಯುತ್ತಾರೆ, ಆಮೇಲೆ ಸೀಸವನ್ನೆಲ್ಲ ಮತ್ತೆ ಬಿಚ್ಚುತ್ತಾರೆ! ಒಂದು ಫೋಟೋಕ್ಕಾಗಿ ಇಷ್ಟೆಲ್ಲ ಸೀಸ ಯಾಕೆ, ಅಕ್ಷರಗಳದೇ ನೇರವಾಗಿ ಫೋಟೋ ತೆಗೆದರೆ ಆಗದೇ ಅಂತ ಅವರಿಗೆ ಹೊಳೆಯಿತು. ಹೊರಗಿನವರ ಕಣ್ಣಿಗೇ ಇಂಥವು ಬೀಳುವುದು, ಅಲ್ಲವೇ?

ಅವರ ಯಂತ್ರದ ಕೆಲಸ ಹೀಗೆ. ಒಂದು ಗಾಜಿನ ತಟ್ಟೆ. ಅದರ ಮೇಲೆ ವೃತ್ತಾಕಾರವಾಗಿ ಅಕ್ಷರಗಳು, ಕಪ್ಪಿನ ನಡುವೆ ಪಾರದರ್ಶಕವಾಗಿ. ತಟ್ಟೆ ಒಂದೇ ಸಮನೆ ತಿರುಗುತ್ತಿರುತ್ತದೆ. ನೀವು 'ಎ' ಒತ್ತಿದರೆ, 'ಎ' ಲೆನ್ಸಿನ ಮುಂದೆ ಬಂದ ಕ್ಷಣಕ್ಕೆ ಸರಿಯಾಗಿ ಒಂದು ದೀಪ ಫಳ್ಳೆಂದು ಮಿಂಚುತ್ತದೆ. ಹಿಂದಿನ ಫೋಟೋ ಕಾಗದದ ಮೇಲೆ 'ಎ' ಮೂಡುತ್ತದೆ. ಲೆನ್ಸ್ ಬದಲಿಸಿದರೆ ಅಕ್ಷರ ದೊಡ್ಡದು, ಸಣ್ಣದು. ಒಂದು ತಟ್ಟೆಯಲ್ಲಿ 16 ವರ್ಣಮಾಲೆ, ಒಟ್ಟು 1440 ಚಿಹ್ನೆ, 12 ಅಳತೆ. ಅಷ್ಟು ಮೊಳೆ ಇಡಲು ಕಾಕಾನ ಪ್ರೆಸ್ಸಿಗೆ ಒಂದು ಕೋಣೆಯೇ ಬೇಕಾಗುತ್ತಿತ್ತು.

1946ರಲ್ಲಿ ಇಬ್ಬರೂ ಇದನ್ನು ಮಾಡಿ ತೋರಿಸಿದರು. ದುಡ್ಡು ಹಾಕಲು ಮುಂದೆ ಬಂದದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಿಥೋಮ್ಯಾಟ್ ಕಂಪನಿ. ಅದರ ಮುಖ್ಯಸ್ಥ ವಿಲಿಯಂ ಗಾರ್ತ್. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಲಿಥೋಮ್ಯಾಟ್ ಮುಂದೆ ಫೋಟಾನ್ ಅಂತ ಹೆಸರು ಬದಲಿಸಿಕೊಂಡಿತು. 1953ರಲ್ಲಿ ಈ ಯಂತ್ರದಿಂದ ಮೊದಲ ಪುಸ್ತಕ ಬಂತು. ಅದು ಕೀಟಗಳ ಕುರಿತ ಪುಸ್ತಕ. ಮರುವರ್ಷ ಕ್ವಿನ್ಸಿ ಊರಿನ ಪೇಟ್ರಿಯಟ್ ಲೆಜರ್ ದೈನಿಕ ಫೋಟಾನ್‌ಗೆ ಬದಲಾಯಿತು. 1964ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ತನ್ನ ಇಂಡೆಕ್ಸ್ ಮೆಡಿಕಸ್ ಸೂಚಿಯನ್ನು ಕಂಪ್ಯೂಟರ್ ನಡೆಸುವ ಫೋಟಾನ್ ಯಂತ್ರದಿಂದ ಸಿದ್ಧಪಡಿಸತೊಡಗಿತು.

ಇಷ್ಟೆಲ್ಲ ಇದ್ದರೂ ಫೋಟಾನ್ ಯಂತ್ರಗಳು ತುಟ್ಟಿ, ಒಳಗೆ ಜಟಿಲ. ಸಣ್ಣ ಊರಿನ ಪ್ರೆಸ್ಸಿನವನ ಕೈಗೆ ಎಟುಕುವಂಥದ್ದಲ್ಲ.

*

1960ರಲ್ಲಿ ಗಾರ್ತ್ ಫೋಟಾನ್ ಬಿಟ್ಟು ಹೊರಬಂದ. ಎಲಿಸ್ ಹ್ಯಾನ್ಸನ್ ಎಂಬಾತನ ಜೊತೆ ಸೇರಿ ಇನ್ನೊಂದು ಕಂಪನಿ ಕಟ್ಟಿದ. ಅದೇ ನಮ್ಮ ಕಾಂಪುಗ್ರಾಫಿಕ್.

ಮೊದಲು ಅವರು ಫೋಟೋದ ಗೊಡವೆಗೇ ಹೋಗಲಿಲ್ಲ. ಪತ್ರಿಕೆಗಳ ಹತ್ತಿರ ಆಗಲೇ ಇದ್ದ ಲೈನೋಟೈಪ್ ಯಂತ್ರಗಳಿಗೆ ಪೂರಕವಾಗಿ ಲಿನಾಸೆಕ್ ಎಂಬ ಸಣ್ಣ ಕಂಪ್ಯೂಟರ್ ಮಾಡಿದರು. ಟೈಪು ಮಾಡಿದ ಕಾಗದದ ಟೇಪನ್ನು ಅದರೊಳಗೆ ಹಾಕಿದರೆ ಸಾಲು ಎಲ್ಲಿ ಮುರಿಯಬೇಕು, ಅಂಚು ಹೇಗೆ ಸರಿ ಕೂಡಬೇಕು ಅಂತ ಲೆಕ್ಕ ಹಾಕಿ ಹೊಸ ಟೇಪು ಕೊಡುತ್ತಿತ್ತು. ನಾವು ಈಗ ಜಸ್ಟಿಫೈ ಬಟನ್ ಒತ್ತುತ್ತೇವಲ್ಲ, ಅದೊಂದಕ್ಕೇ ಒಂದು ಯಂತ್ರ!

1968ರಲ್ಲಿ ಅವರು ತಮ್ಮ ಮೊದಲ ಫೋಟೋ ಟೈಪ್‌ಸೆಟರ್‌ಗಳನ್ನು ಬಿಟ್ಟರು. ಬೆಲೆ ಹತ್ತು ಸಾವಿರ ಡಾಲರಿನ ಆಸುಪಾಸು. ಉಳಿದವರ ಯಂತ್ರಗಳು ಅದರ ಹಲವು ಪಟ್ಟು ಇದ್ದ ಕಾಲ ಅದು. ಗಾಜಿನ ತಟ್ಟೆಯ ಜಾಗದಲ್ಲಿ ಅಗ್ಗದ ಫಿಲ್ಮ್ ಪಟ್ಟಿ, ತಿರುಗುವ ಡ್ರಮ್ಮಿಗೆ ಸುತ್ತುವಂಥದ್ದು. ಮಾಮಾ ನನ್ನ ಕೈಗೆ ಕೊಟ್ಟದ್ದು ಇಂಥದೇ ಒಂದು. 1971ರಲ್ಲಿ ಕಾಂಪುರೈಟರ್ ಬಂತು. ಕೀಲಿಮಣೆ, ಲೆಕ್ಕಾಚಾರ, ಫೋಟೋ ಎಲ್ಲ ಒಂದೇ ಮೇಜಿನಷ್ಟು ಯಂತ್ರದಲ್ಲಿ. ಟೈಪಿಂಗ್ ಬಲ್ಲ ಹುಡುಗಿಯೊಬ್ಬಳು ಬೆಳಿಗ್ಗೆ ಬಂದು ಕೂತರೆ ಸಂಜೆಗೆ ಪತ್ರಿಕೆ ತಯಾರು. ಅಮೆರಿಕದ ಸಣ್ಣ ಊರುಗಳ ವಾರಪತ್ರಿಕೆಗಳು, ಕಾಲೇಜು ಪತ್ರಿಕೆಗಳು, ಬೀದಿ ಬದಿಯ ಪ್ರೆಸ್ಸುಗಳು ಮುಗಿಬಿದ್ದು ಕೊಂಡವು. ಸೀಸ ಕಾಯಿಸುವ ಒಲೆಗಳು ಆರಿದವು.

ಗಾರ್ತ್ ಹಿಂದೆ ಬೆಳೆಸಿದ್ದ ಫೋಟಾನ್‌ಗೆ ಈ ಅಗ್ಗದ ಪೈಪೋಟಿ ತಡೆಯಲಾಗಲಿಲ್ಲ. 1970ರ ದಶಕದ ಮಧ್ಯದಲ್ಲಿ ಅದು ಡೈಮೋ ಎಂಬ ಕಂಪನಿಯ ಪಾಲಾಯಿತು.

1977ರ ಎಡಿಟ್‌ರೈಟರ್ ಯಂತ್ರಕ್ಕೆ ಪರದೆ ಬಂತು, ಎಂಟಿಂಚಿನ ಫ್ಲಾಪಿ ಬಂತು. ಟೈಪು ಮಾಡಿದ್ದನ್ನು ಉಳಿಸಿ, ನಾಳೆ ತೆಗೆದು ತಿದ್ದಬಹುದು! ಮಾಮಾ ಹೇಳುವ ಪ್ರಕಾರ ಅದಕ್ಕೂ ಮುಂಚೆ ಒಂದು ಅಕ್ಷರ ತಪ್ಪಾದರೆ ಆ ಸಾಲನ್ನೇ ಮತ್ತೆ ಹೊಡೆದು, ಕಾಗದ ತೊಳೆದು, ಬ್ಲೇಡಿನಿಂದ ಕತ್ತರಿಸಿ, ಹಳೇ ಸಾಲಿನ ಮೇಲೆ ನೆಟ್ಟಗೆ ಅಂಟಿಸಬೇಕಿತ್ತು. "ಒಂದು ಕಾಮಾ ಚಿಮಟದಾಗ ಹಿಡದು ಅಂಟಸೀನಿ" ಅಂದರು. ನಂಬುತ್ತೇನೆ.

ಈಗ ಒಂದು ಮುಖ್ಯ ಸಂಗತಿ. ಯಂತ್ರ ಅಗ್ಗ ಸರಿ, ಆದರೆ ಅಕ್ಷರಗಳು? ಹೊಸ ಅಕ್ಷರ ಶೈಲಿ ಬೇಕಾದರೆ ಕಾಂಪುಗ್ರಾಫಿಕ್‌ನಿಂದಲೇ ಪಟ್ಟಿ ಕೊಳ್ಳಬೇಕು. ಅದು ಲೈನೋಟೈಪ್ ಯಂತ್ರಕ್ಕೆ ಕೂಡುವುದಿಲ್ಲ, ಅವರದು ಇವರಿಗೆ ಕೂಡುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಅಕ್ಷರದ ಆಕಾರಕ್ಕೆ ಕಾಪಿರೈಟ್ ಇಲ್ಲದ್ದರಿಂದ ಹೆಸರಾಂತ ಶೈಲಿಗಳನ್ನೇ ಬೇರೆ ಹೆಸರಿನಲ್ಲಿ ಮಾಡಿಕೊಳ್ಳುತ್ತಿದ್ದರು. ಕಾಂಪುಗ್ರಾಫಿಕ್‌ನ ಹೀಲಿಯೋಸ್ ಅಂದರೆ ಹೆಲ್ವೆಟಿಕಾದ ತದ್ರೂಪ! ಫ್ಲಾಪಿಯ ಒಳಗಿನ ಬರಹದ ಸಂಕೇತಗಳೂ ಒಬ್ಬೊಬ್ಬರದು ಒಂದೊಂದು ಥರ. ಒಮ್ಮೆ ಒಂದು ಕಂಪನಿಯ ಮನೆಗೆ ಕಾಲಿಟ್ಟರೆ ಆಯಿತು, ಅಲ್ಲಿಂದ ಹೊರಬರುವ ಬಾಗಿಲೇ ಇಲ್ಲ.

1981ರಲ್ಲಿ ಬೆಲ್ಜಿಯಂ-ಜರ್ಮನಿ ಮೂಲದ ಅಗ್ಫಾ-ಗೆವರ್ಟ್ ಕಂಪನಿ ಕಾಂಪುಗ್ರಾಫಿಕ್‌ನ ಬಹುಪಾಲು ಷೇರು ಕೊಂಡಿತು. ಅಗ್ಫಾ ಫೋಟೋ ಕಾಗದ, ರಸಾಯನ ಮಾರುವವರಲ್ಲವೇ? ಯಂತ್ರ ಇದ್ದಲ್ಲೆಲ್ಲ ಕಾಗದ ಬೇಕೇ ಬೇಕು. ಕೊಂಡಾಗ ಅದು ಒಳ್ಳೇ ಲೆಕ್ಕಾಚಾರವೇ ಆಗಿತ್ತು.

ಆದರೆ 1984ರಲ್ಲಿ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್, 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್, ಅದೇ ವರ್ಷ ಆಲ್ಡಸ್‌ನ ಪೇಜ್‌ಮೇಕರ್. ಪ್ರಿಂಟರಿನ ಬೆಲೆ 6995 ಡಾಲರ್. ಇಂಚಿಗೆ 300 ಚುಕ್ಕೆ, ಫೋಟೋ ಟೈಪ್‌ಸೆಟರಿನ ನುಣುಪಿನ ಹತ್ತಿರಕ್ಕೂ ಬರುವುದಿಲ್ಲ. ವೃತ್ತಿಯವರಿಗೆ ಇದು ಆಟಿಕೆಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಪುಟದ ವಿವರಣೆ ಯಾವ ಯಂತ್ರಕ್ಕೂ ಅಂಟಿಕೊಂಡಿರಲಿಲ್ಲ. ಅದೇ ಫೈಲನ್ನು ಮನೆಯ ಪ್ರಿಂಟರಿಗೂ ಕಳಿಸಬಹುದು, ಪಕ್ಕದ ಬೀದಿಯ ದೊಡ್ಡ ಯಂತ್ರಕ್ಕೂ ಕಳಿಸಬಹುದು. ಲೈನೋಟೈಪ್ ಇದನ್ನು ಬೇಗ ಅರ್ಥಮಾಡಿಕೊಂಡು ಪೋಸ್ಟ್‌ಸ್ಕ್ರಿಪ್ಟ್ ಓದುವ ಲೈನೋಟ್ರಾನಿಕ್ ಯಂತ್ರಗಳನ್ನು ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಪುಟ ಕಟ್ಟುವ ಕೆಲಸ ದೊಡ್ಡ ಯಂತ್ರದಿಂದ ಮೇಜಿನ ಮೇಲಿನ ಮಾಮೂಲಿ ಕಂಪ್ಯೂಟರಿಗೆ ಇಳಿಯಿತು.

1988ರಲ್ಲಿ ಅಗ್ಫಾ ಉಳಿದ ಷೇರುಗಳನ್ನೂ ಕೊಂಡು ಕಾಂಪುಗ್ರಾಫಿಕ್ಕನ್ನು ತನ್ನೊಳಗೆ ಸೇರಿಸಿಕೊಂಡಿತು. ಆ ಹೆಸರಿನ ಪಳೆಯುಳಿಕೆಯೊಂದು ಬಹಳ ದಿನ ನಮ್ಮ ಕಣ್ಣೆದುರೇ ಇತ್ತು ಗೊತ್ತೇ? 1990ರ ಎಚ್‌ಪಿ ಲೇಸರ್‌ಜೆಟ್ 3 ಪ್ರಿಂಟರಿನಲ್ಲಿ 'ಸಿಜಿ ಟೈಮ್ಸ್' ಅಂತ ಒಂದು ಫಾಂಟ್ ಬಂತು. ಆ ಸಿಜಿ ಅಂದರೆ ಕಾಂಪುಗ್ರಾಫಿಕ್.

ಅಗ್ಗದ ಯಂತ್ರ ಮಾಡಿ ತುಟ್ಟಿಯವರನ್ನು ಹೊಡೆದ ಕಂಪನಿ, ತನಗಿಂತ ಅಗ್ಗದ್ದು ಬಂದಾಗ ಬಿದ್ದಿತು. ಇದಿಷ್ಟೇ ಆಗಿದ್ದರೆ ವ್ಯಾಪಾರದ ಮಾಮೂಲಿ ಕಥೆ. ಆದರೆ ಕಂಪನಿ ಹೋದಾಗ ಜೊತೆಗೆ ಏನೇನು ಹೋಯಿತು ಅನ್ನುವುದು ನನ್ನನ್ನು ಕಾಡಿದ್ದು. ಆ ಎಂಟಿಂಚಿನ ಫ್ಲಾಪಿಗಳಲ್ಲಿ ಎಷ್ಟು ಊರುಗಳ ಸುದ್ದಿ, ಎಷ್ಟು ಜನರ ಪುಸ್ತಕ ಇದ್ದವೋ!

*

ಕನ್ನಡಕ್ಕೆ ಬರೋಣ. ಇಂಗ್ಲಿಷಿಗೆ ಸುಮಾರು ತೊಂಬತ್ತು ಚಿಹ್ನೆ ಸಾಕು. ನಮಗೆ? 34 ವ್ಯಂಜನ, ಕಾಗುಣಿತದಲ್ಲಿ ಒಂದೊಂದಕ್ಕೆ 14 ರೂಪ ಅಂದುಕೊಂಡರೂ 476. ಮೇಲೆ ಒತ್ತಕ್ಷರಗಳು ಬೇರೆ. ಇಂಗ್ಲಿಷಿಗೆಂದು ಮಾಡಿದ ಪಟ್ಟಿಯಲ್ಲಿ ಇವಕ್ಕೆ ಜಾಗವೆಲ್ಲಿ? ಹೀಗಾಗಿ ಅಕ್ಷರವನ್ನೇ ತುಂಡು ಮಾಡಬೇಕು. ತಲಕಟ್ಟು ಬೇರೆ, ಕೊಂಬು ಬೇರೆ, ಏತ್ವ ಬೇರೆ, ದೀರ್ಘ ಬೇರೆ, ಒತ್ತು ಬೇರೆ. ಎಲ್ಲ ಕೂಡಿಸಿದರೆ ಕಣ್ಣಿಗೆ ಒಂದು ಅಕ್ಷರ.

ಇದನ್ನು ಗಂಭೀರವಾಗಿ ತೆಗೆದುಕೊಂಡವರೂ ಇದ್ದರು. ಲೈನೋಟೈಪ್‌ನಲ್ಲಿ ಫಿಯೋನಾ ರಾಸ್ ಮತ್ತು ಟಿಮ್ ಹಾಲೊವೇ 1978ರಿಂದ 1982ರವರೆಗೆ ದುಡಿದು ಕೋಲ್ಕತ್ತದ ಆನಂದಬಜಾರ್ ಪತ್ರಿಕೆಗಾಗಿ ಬಂಗಾಳಿ ಫೋಟೋ ಅಕ್ಷರಗಳನ್ನು ರೂಪಿಸಿದರು. ನಮ್ಮವರೇ ಆದ ಕಿನ್ನಿಕಂಬಳದ ಕೆ. ಪಿ. ರಾವ್ ಫೋಟೋ ಟೈಪ್‌ಸೆಟಿಂಗ್ ಲೋಕದಲ್ಲಿ ಪಳಗಿದವರು. ನಾವು ನುಡಿಯಲ್ಲಿ ಬಳಸುವ ಉಚ್ಚಾರಣೆ ಆಧಾರಿತ ಕೀಲಿಮಣೆ ವಿನ್ಯಾಸ ಅವರದೇ. ತುಂಡುಗಳನ್ನು ಕೂಡಿಸುವುದು ಯಂತ್ರದ ಕೆಲಸ, ಟೈಪು ಮಾಡುವವನು ಉಚ್ಚರಿಸಿದಂತೆ ಒತ್ತಿದರೆ ಸಾಕು ಅನ್ನುವ ತಿಳಿವು ಅದರಲ್ಲಿದೆ.

ಆದರೆ ತೊಂಬತ್ತರ ದಶಕದ ಡಿಟಿಪಿ ಫಾಂಟುಗಳು ಫಿಲ್ಮ್ ಪಟ್ಟಿಯ ಬುದ್ಧಿಯನ್ನೇ ಮುಂದುವರಿಸಿದವು. 256 ಖಾನೆಗಳ ಒಂದು ಫಾಂಟ್, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳು. ಯಾವ ತುಂಡು ಯಾವ ಖಾನೆಯಲ್ಲಿ ಅನ್ನುವುದು ಒಬ್ಬೊಬ್ಬ ತಯಾರಕನದು ಒಂದೊಂದು ರೀತಿ. ಫೈಲಿನಲ್ಲಿ ಉಳಿಯುತ್ತಿದ್ದದ್ದು 'ಕ' ಅಲ್ಲ, 'ಇಂಥ ಖಾನೆಯ ತುಂಡು' ಅನ್ನುವ ಸಂಖ್ಯೆ. ಫಾಂಟ್ ಕಳೆದರೆ ಅರ್ಥವೂ ಕಳೆಯಿತು. ಮಾಮಾ ಪಟ್ಟಿ ತೋರಿಸಿ ಹೇಳಿದ್ದು ಇದನ್ನೇ.

ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅದು ಇಡುವುದು ಅಕ್ಷರವನ್ನು, ಆಕಾರವನ್ನಲ್ಲ. ಆದರೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬರುವವರೆಗೆ ನಮ್ಮ ಕಡೆಯ ಸಾಮಾನ್ಯ ಡಿಟಿಪಿ ಅಂಗಡಿಗೆ ಅದರಿಂದ ಏನು ಪ್ರಯೋಜನವಿತ್ತು? ಅಜ್ಜನ ಪುಸ್ತಕ 1998ರದು. ಮೂರೇ ವರ್ಷದಲ್ಲಿ ತಪ್ಪಿತು.

*

ಮಾಮಾನ ಹತ್ತಿರ ಹಳೇ ಪ್ರೂಫಿನ ಮೊದಲ 16 ಪುಟ ಸಿಕ್ಕವು, ಹಳದಿಗಟ್ಟಿದ ಬಟರ್ ಪೇಪರ್ ಮೇಲೆ. ನನಗೆ ಅಷ್ಟು ಸಾಕಾಯಿತು. ಒಂದು ಕಡೆ ಪ್ರೂಫಿನ ಕನ್ನಡ, ಇನ್ನೊಂದು ಕಡೆ ಫೈಲಿನ ಗೊಂದಲ. ಯಾವ ಸಂಕೇತ ಯಾವ ತುಂಡು ಅಂತ ಒಂದೊಂದೇ ಹೊಂದಿಸಿ ಪಟ್ಟಿ ಮಾಡಿದೆ. ಮೂರು ವಾರದ ರಾತ್ರಿಗಳು. ಅತಿ ಹೆಚ್ಚು ಕಾಡಿದ್ದು ಅರ್ಕಾವತ್ತು! 'ಸೂರ್ಯ' ಅನ್ನುವಾಗ ಹಳೇ ಫೈಲಿನಲ್ಲಿ ಕಣ್ಣಿಗೆ ಕಂಡಂತೆ 'ಯ' ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ಬಾಯಿ ಹೇಳಿದಂತೆ 'ರ' ಮೊದಲು. ಪ್ರತಿ ಸಲವೂ ಹಿಂದೆ ಹೋಗಿ ಅದಲುಬದಲು ಮಾಡಬೇಕು.

ಆ ಒಂದು ಫ್ಲಾಪಿಯಲ್ಲಿ 118 ಪದಗಳಿದ್ದವು. 111 ಸರಿಯಾಗಿ ಹೊರಬಂದವು. ಏಳರಲ್ಲಿ ನಡುವೆ ಸಾಲುಗಳು ಕೆಟ್ಟುಹೋಗಿವೆ. ಇನ್ನೊಂದು ಫ್ಲಾಪಿ ಈವರೆಗೂ ಬಾಯಿ ಬಿಟ್ಟಿಲ್ಲ.

ಕೆಟ್ಟ ಏಳನ್ನು ಫೋನಿನಲ್ಲಿ ಕಾಕಾಗೆ ಓದಿ ಹೇಳಿದೆ. ಮೂರನೆಯದನ್ನು ಓದುವಾಗ "ತಡಿ ತಡಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕಾಣೆಯಾದ ಸಾಲನ್ನು ಸಣ್ಣ ದನಿಯಲ್ಲಿ ಹಾಡಿದರು. ಎಪ್ಪತ್ತರ ಹತ್ತಿರದ ಗಂಡಸು, ಬೀಸುವ ಪದ! "ಅವ್ವ ಬೀಸುವಾಗ ಬಾಜೂಕ ಮಲಗತಿದ್ದೆ ನಾ" ಅಂದರು. ಉಳಿದ ಆರಕ್ಕೆ ಅವರಿಗೂ ನೆನಪು ಬರಲಿಲ್ಲ.

1983ರ ಮೊದಲ ಭಾಗ, ಸೀಸದಲ್ಲಿ ಅಚ್ಚಾದದ್ದು, ಮೂಡಲಗಿಯ ಮನೆಯಲ್ಲಿ ಇವತ್ತಿಗೂ ಚೆನ್ನಾಗಿದೆ. ಅದನ್ನು ಓದಲು ಕಣ್ಣಿದ್ದರೆ ಸಾಕು. ಹಾಗಂತ ಸೀಸವೇ ಒಳ್ಳೆಯದಿತ್ತು ಅಂತ ಹೇಳುತ್ತಿಲ್ಲ. ಕಾಗದಕ್ಕೆ ಪ್ರವಾಹ ಏನು ಮಾಡುತ್ತದೆ ಅಂತ ನೋಡಿದ್ದೇವಲ್ಲ. ನಾನು ಹೇಳುವುದಿಷ್ಟೇ. ಯಂತ್ರ ಮಾಡಿದವನು ಅಂಗಡಿ ಮುಚ್ಚಿದ ಮೇಲೂ ಬರಹ ಓದಲು ಬರಬೇಕು. ಅದಕ್ಕೆ ಅದರ ಗುಟ್ಟು ಒಬ್ಬನ ಜೇಬಿನಲ್ಲಿ ಇರಬಾರದು.

ನಿಮ್ಮ ಮನೆಯಲ್ಲೂ ಅಪ್ಪನದೋ ಅತ್ತೆಯದೋ ಹಳೇ ಡಿಟಿಪಿ ಫೈಲುಗಳು ಸಿಡಿಯಲ್ಲೋ ಫ್ಲಾಪಿಯಲ್ಲೋ ಬಿದ್ದಿರಬಹುದು. ದಯವಿಟ್ಟು ಈ ವಾರವೇ ತೆಗೆದು ನೋಡಿ. ಟೈಪು ಮಾಡಿದವರು ಇನ್ನೂ ಇದ್ದರೆ ಹೋಗಿ ಮಾತಾಡಿಸಿ, ಹಳೇ ಪ್ರೂಫ್ ಇದ್ದರೆ ಕೇಳಿ ಇಟ್ಟುಕೊಳ್ಳಿ. ನನ್ನ ಪರಿವರ್ತನೆಯ ಪಟ್ಟಿ ಬೇಕಾದವರಿಗೆ ಕೊಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಯಾರಾದರೂ ಇದ್ದು, ಮನೆಯಲ್ಲಿ ಬೀಸುವ ಪದ ಬಲ್ಲ ಹಿರಿಯರಿದ್ದರೆ ತಿಳಿಸಿ. ಆರು ಪದ ಇನ್ನೂ ಅರ್ಧಕ್ಕೇ ನಿಂತಿವೆ.